ಕೋಶದಿಂದ ಕೆರೆಯವರೆಗೆ: ಹೈಸ್ಕೂಲ್ ಜೀವಶಾಸ್ತ್ರವನ್ನು ಹತ್ತು ಸಂಜೆಗಳಲ್ಲಿ ಮತ್ತೆ ಓದುವ ಬಗೆ

ಎಂಟರಿಂದ ಹತ್ತನೇ ತರಗತಿಯವರೆಗಿನ ಜೀವಶಾಸ್ತ್ರದಲ್ಲಿ ನೂರಾರು ಪಾರಿಭಾಷಿಕ ಪದಗಳಿವೆ. ಮತ್ತೆ ಓದಲು ಕೂತವರಲ್ಲಿ ಹೆಚ್ಚಿನವರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗೆರೆ ಎಳೆಯುತ್ತಾ ಹೋಗುತ್ತಾರೆ. ಗೆರೆ ಎಳೆದ ಸಾಲು ಕಣ್ಣಿಗೆ ಪರಿಚಯವಾಗುತ್ತದೆ. ಆ ಪರಿಚಯವನ್ನೇ ತಿಳಿವಳಿಕೆ ಅಂದುಕೊಂಡು ಪರೀಕ್ಷೆಗೆ ಹೋದರೆ ಖಾಲಿ ಹಾಳೆಯ ಮುಂದೆ ಕೈ ನಿಲ್ಲುತ್ತದೆ.

ಇಲ್ಲಿ ಹೇಳುವ ಕ್ರಮಕ್ಕೆ ಬೇಕಾಗಿರುವುದು ಪಠ್ಯಪುಸ್ತಕ, ಖಾಲಿ ಹಾಳೆಗಳು, ಒಂದು ಎಚ್‌ಬಿ ಪೆನ್ಸಿಲ್, ಒಂದು ಕೆಂಪು ಪೆನ್ನು, ದಿನಕ್ಕೆ ಒಂದೂವರೆ ಗಂಟೆ. ಇಪ್ಪತ್ತು ನಿಮಿಷ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದಲೇ ಹಾಳೆಯ ಮೇಲೆ ಚಿತ್ರ ಮತ್ತು ಬಾಣಗಳಲ್ಲಿ ಬರೆಯಿರಿ. ವಾಕ್ಯ ಬೇಡ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು, ತಪ್ಪಿದ್ದನ್ನು ಕೆಂಪಿನಲ್ಲಿ ಸೇರಿಸಿ. ಮೂರನೇ ದಿನ ಮತ್ತು ಏಳನೇ ದಿನ ಆ ಕೆಂಪು ಭಾಗವನ್ನು ಮಾತ್ರ ಮತ್ತೆ ಮಾಡಿ, ಕಪ್ಪನ್ನು ಮುಟ್ಟಬೇಡಿ. ಬಂದದ್ದನ್ನೇ ಮತ್ತೆ ಓದುವುದು ಹಿತವಾಗಿರುತ್ತದೆ, ಆದರೆ ಸಮಯ ಹಾಳಾಗುವುದೂ ಅಲ್ಲೇ.

ಹತ್ತು ಸಂಜೆಗಳನ್ನು ಸಮನಾಗಿ ಹಂಚಬೇಡಿ. ಕೋಶಕ್ಕೆ ಎರಡು, ಜೀವಕ್ರಿಯೆಗಳಿಗೆ ನಾಲ್ಕು, ಅನುವಂಶೀಯತೆಗೆ ಎರಡು, ಪರಿಸರಕ್ಕೆ ಒಂದು ಇಡಿ. ಕೊನೆಯ ಸಂಜೆ ಪೂರ್ತಿ ಕೆಂಪು ಹಾಳೆಗಳಿಗೆ. ಕೋಶವಿರಲಿ, ಮೂತ್ರಪಿಂಡವಿರಲಿ, ಕಾಡಿರಲಿ, ಎಲ್ಲದಕ್ಕೂ ಮೂರೇ ಪ್ರಶ್ನೆ ಕೇಳಿ: ಒಳಗೆ ಹೋದದ್ದು ಏನು, ಹೊರಗೆ ಬಂದದ್ದು ಏನು, ಇದು ನಡೆದದ್ದು ಎಲ್ಲಿ?

ಮೊದಲು ಪದಗಳನ್ನು ಒಡೆಯಿರಿ

ಕನ್ನಡ ಮಾಧ್ಯಮದವರಿಗೆ ಒಂದು ಅನುಕೂಲವಿದೆ, ಬಳಸಿಕೊಳ್ಳುವವರು ಕಡಿಮೆ. ನಮ್ಮ ಪಾರಿಭಾಷಿಕ ಪದಗಳನ್ನು ಒಡೆದರೆ ಅರ್ಥ ಒಳಗೇ ಸಿಗುತ್ತದೆ. ಅಪಧಮನಿ, ಅಭಿಧಮನಿ ಎರಡನ್ನೂ ಅದಲುಬದಲು ಮಾಡದ ವಿದ್ಯಾರ್ಥಿ ಅಪರೂಪ. 'ಅಪ' ಎಂದರೆ ದೂರಕ್ಕೆ (ಅಪಹರಣ ನೆನಪಿಸಿಕೊಳ್ಳಿ), 'ಅಭಿ' ಎಂದರೆ ಕಡೆಗೆ (ಅಭಿಮುಖ). ಹೃದಯದಿಂದ ದೂರಕ್ಕೆ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಈ ವ್ಯಾಖ್ಯೆಯಲ್ಲಿ ಶುದ್ಧ ರಕ್ತ, ಅಶುದ್ಧ ರಕ್ತದ ಮಾತೇ ಇಲ್ಲ. ಹಾಗಾಗಿ ಶ್ವಾಸಕೋಶಕ್ಕೆ ಹೋಗುವ ಪುಪ್ಪುಸಕ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆಯಿರುವ ರಕ್ತ ಹರಿಯುತ್ತದೆ ಎಂದಾಗ ಗೊಂದಲವಾಗುವುದಿಲ್ಲ. ಹೃದಯದ ಕೋಣೆಗಳೂ ಹೀಗೆಯೇ. ಕರ್ಣ ಎಂದರೆ ಕಿವಿ, ಕುಕ್ಷಿ ಎಂದರೆ ಹೊಟ್ಟೆ. ಕಿವಿ ಮೇಲೆ, ಹೊಟ್ಟೆ ಕೆಳಗೆ: ಹೃತ್ಕರ್ಣ ಮೇಲಿನದು, ಹೃತ್ಕುಕ್ಷಿ ಕೆಳಗಿನದು. ದ್ಯುತಿ ಬೆಳಕು, ಸಂಶ್ಲೇಷಣೆ ಕೂಡಿಸುವುದು. ವಿಸರಣೆ ಹರಡಿಕೊಳ್ಳುವುದು.

ಎರಡು ಪದಗಳು ಮಾತ್ರ ಮೋಸ ಮಾಡುತ್ತವೆ. ಮೊದಲನೆಯದು 'ಕೋಶ'. ಜೀವಕೋಶದಲ್ಲಿ ಅದು ಬದುಕಿನ ಅತಿ ಚಿಕ್ಕ ಘಟಕ. ಶ್ವಾಸಕೋಶ, ಪಿತ್ತಕೋಶ, ಮೂತ್ರಕೋಶ, ಗರ್ಭಕೋಶಗಳಲ್ಲಿ ಅದಕ್ಕೆ ಬರೀ ಚೀಲ ಎಂಬ ಅರ್ಥ, ಇವೆಲ್ಲ ಕೋಟ್ಯಂತರ ಜೀವಕೋಶಗಳ ಅಂಗಗಳು. ಪಿತ್ತರಸ ತಯಾರಿಸುವುದು ಪಿತ್ತಜನಕಾಂಗ, ಕೂಡಿಡುವುದು ಪಿತ್ತಕೋಶ. ಮೂತ್ರ ತಯಾರಿಸುವುದು ಮೂತ್ರಪಿಂಡ, ಕೂಡಿಡುವುದು ಮೂತ್ರಕೋಶ. ಎರಡನೆಯದು 'ಉಸಿರಾಟ'. ಎದೆ ಏರಿಳಿಯುವುದಕ್ಕೂ ಇದೇ ಪದ, ಕೋಶದೊಳಗೆ ಗ್ಲೂಕೋಸ್ ಒಡೆದು ಶಕ್ತಿ ಬಿಡುಗಡೆಯಾಗುವುದಕ್ಕೂ ಇದೇ ಪದ. ಉತ್ತರ ಬರೆಯುವಾಗ ಎರಡನೆಯದನ್ನು 'ಕೋಶೀಯ ಉಸಿರಾಟ' ಎಂದೇ ಬರೆಯಿರಿ. ಪಿಯುಸಿಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವವರು ಹಾಳೆಯ ಎಡಬದಿಯಲ್ಲಿ ಜೋಡಿಪದ ಬರೆಯುತ್ತಾ ಬಂದರೆ (ಅಭಿಸರಣೆ ಎಂದರೆ ಆಸ್ಮೋಸಿಸ್, ವಿಸರಣೆ ಎಂದರೆ ಡಿಫ್ಯೂಷನ್) ಜೂನ್ ತಿಂಗಳ ಕಷ್ಟ ಅರ್ಧ ಇಳಿಯುತ್ತದೆ.

ಕೋಶ: ಅಳತೆ ಮೊದಲು, ಭಾಗಗಳು ಆಮೇಲೆ

ಕೋಶದ ಪಾಠವನ್ನು 1665ರ ರಾಬರ್ಟ್ ಹುಕ್‌ನಿಂದ ಶುರುಮಾಡುವುದು ವಾಡಿಕೆ. ಅವನು ಬೆಂಡಿನ ಚೂರಿನಲ್ಲಿ ನೋಡಿದ್ದು ಸತ್ತ ಕೋಶಗಳ ಗೋಡೆಗಳನ್ನು ಮಾತ್ರ. ಕೋಶಕೇಂದ್ರಕ್ಕೆ ರಾಬರ್ಟ್ ಬ್ರೌನ್ ಹೆಸರಿಟ್ಟದ್ದು 1831ರಲ್ಲಿ. ಇಸವಿಗಳನ್ನು ಇಷ್ಟಕ್ಕೆ ಬಿಟ್ಟು ಅಳತೆಗೆ ಬನ್ನಿ, ಹೆಚ್ಚು ತಪ್ಪಾಗುವುದು ಅಲ್ಲಿ. 1 ಮಿಲಿಮೀಟರ್ ಎಂದರೆ 1000 ಮೈಕ್ರೋಮೀಟರ್. ಈರುಳ್ಳಿ ಪೊರೆಯ ಕೋಶ ಸುಮಾರು 0.3 ಮಿಲಿಮೀಟರ್ ಉದ್ದ, ಕೆಂಪು ರಕ್ತಕಣ 7ರಿಂದ 8 ಮೈಕ್ರೋಮೀಟರ್, ಸಾಮಾನ್ಯ ಬ್ಯಾಕ್ಟೀರಿಯ 2 ಮೈಕ್ರೋಮೀಟರ್. ಅಂದರೆ ಒಂದು ಈರುಳ್ಳಿ ಕೋಶದ ಉದ್ದಕ್ಕೆ 150 ಬ್ಯಾಕ್ಟೀರಿಯಗಳನ್ನು ಸಾಲಾಗಿ ನಿಲ್ಲಿಸಬಹುದು. ನೀವು ಆ ಕೋಶವನ್ನು 60 ಮಿಲಿಮೀಟರ್ ಉದ್ದಕ್ಕೆ ಬರೆದಿದ್ದರೆ ಚಿತ್ರದ ವರ್ಧನೆ 60 ಭಾಗಿಸು 0.3, ಅಂದರೆ 200 ಪಟ್ಟು. ಭಾಗಿಸುವ ಮೊದಲು ಎರಡೂ ಅಳತೆಗಳನ್ನು ಒಂದೇ ಮಾನಕ್ಕೆ ತನ್ನಿ. ಸೆಂಟಿಮೀಟರನ್ನು ಮೈಕ್ರೋಮೀಟರಿನಿಂದ ಭಾಗಿಸಿ ಉತ್ತರ ಬರೆದವರ ಸಂಖ್ಯೆ ದೊಡ್ಡದು.

ಶಾಲೆಯ ಸೂಕ್ಷ್ಮದರ್ಶಕ ಸಿಗುವುದಾದರೆ ಈರುಳ್ಳಿ ಸ್ಲೈಡನ್ನು ಇನ್ನೊಮ್ಮೆ ಮಾಡಿ. ಈರುಳ್ಳಿಯ ತಿರುಳಿನ ಪದರವನ್ನು ಮುರಿದು ಅದರ ಒಳಬಾಗಿದ ಬದಿಯಿಂದ ಪೊರೆ ಎಳೆಯಿರಿ, ಹೊರಬದಿಯದು ಸುಲಭವಾಗಿ ಬರುವುದಿಲ್ಲ. ಬೆರಳಿನ ಉಗುರಿಗಿಂತ ಚಿಕ್ಕ ತುಂಡು ಸಾಕು. ಸ್ಲೈಡಿನ ಮೇಲೆ ಒಂದು ಹನಿ ನೀರಿಟ್ಟು, ತುಂಡನ್ನು ಮಡಿಕೆಯಿಲ್ಲದೆ ಹರಡಿ, ಒಂದು ಹನಿ ತೆಳು ಅಯೋಡಿನ್ ಅಥವಾ ಸಾಫ್ರನಿನ್ ಹಾಕಿ. ಕವರ್‌ಸ್ಲಿಪ್‌ನ ಒಂದು ಅಂಚನ್ನು ಮೊದಲು ತಾಗಿಸಿ, ಓರೆಯಾಗಿ ಹಿಡಿದು, ಸೂಜಿಯ ಆಸರೆಯಲ್ಲಿ ನಿಧಾನ ಇಳಿಸಿ. ಮೇಲಿನಿಂದ ನೇರ ಬಿಟ್ಟರೆ ಗಾಳಿಗುಳ್ಳೆ ಸೇರುತ್ತದೆ. ದಪ್ಪ ಕಪ್ಪು ಅಂಚಿನ ದುಂಡನೆಯ ಆ ಗುಳ್ಳೆಯನ್ನೇ ಕೋಶವೆಂದು ಬರೆದುಕೊಂಡು ಬರುವವರು ಪ್ರತಿ ವರ್ಷ ಇರುತ್ತಾರೆ. ಮೊದಲು 10 ಪಟ್ಟಿನ ವಸ್ತುಮಸೂರದಲ್ಲಿ ಕೋಶ ಹುಡುಕಿ, ಆಮೇಲಷ್ಟೇ 40ಕ್ಕೆ ತಿರುಗಿಸಿ. 10ರ ನೇತ್ರಮಸೂರದೊಂದಿಗೆ ಒಟ್ಟು ವರ್ಧನೆ 400. ಕೂಡಿಸಿ 50 ಎಂದು ಬರೆಯಬೇಡಿ, ಗುಣಿಸಬೇಕು.

ಭಾಗಗಳ ವಿಷಯದಲ್ಲಿ ಪಕ್ಕಾ ಮಾಡಿಕೊಳ್ಳಬೇಕಾದ ಮಾತುಗಳು ಕೆಲವೇ. ಕೋಶಪೊರೆ ಪ್ರಾಣಿಗೆ, ಕೋಶಭಿತ್ತಿ ಸಸ್ಯಕ್ಕೆ ಎಂಬುದು ಅರ್ಧ ಸತ್ಯ. ಸಸ್ಯಕೋಶಕ್ಕೆ ಎರಡೂ ಇವೆ: ಹೊರಗೆ ಭಿತ್ತಿ, ಅದಕ್ಕೆ ಒತ್ತಿಕೊಂಡು ಒಳಗೆ ಪೊರೆ. ಆಹಾರ ತಯಾರಿಸುವ ಕ್ಲೋರೋಪ್ಲಾಸ್ಟ್ ಇರುವ ಸಸ್ಯಕೋಶದಲ್ಲಿ ಶಕ್ತಿ ಬಿಡಿಸುವ ಮೈಟೊಕಾಂಡ್ರಿಯವೂ ಇದೆ. ಶಿಲೀಂಧ್ರ, ಬ್ಯಾಕ್ಟೀರಿಯಗಳಿಗೂ ಭಿತ್ತಿ ಇದೆ, ಆದರೆ ಅದು ಸೆಲ್ಯುಲೋಸ್‌ನದಲ್ಲ. ನಮ್ಮ ಬಲಿತ ಕೆಂಪು ರಕ್ತಕಣಕ್ಕೆ ಕೋಶಕೇಂದ್ರವಿಲ್ಲ.

ಅಭಿಸರಣೆಯನ್ನು ಅಡುಗೆಮನೆಯಲ್ಲಿ ಮಾಡಿ ನೋಡಿ

ಅಭಿಸರಣೆಯ ವ್ಯಾಖ್ಯೆಯನ್ನು ಎಲ್ಲರೂ ಒಪ್ಪಿಸುತ್ತಾರೆ, ಆದರೆ ನೀರು ಯಾವ ಕಡೆ ಹೋಗುತ್ತದೆ ಎಂದರೆ ತಡವರಿಸುತ್ತಾರೆ. ಒಂದೇ ಆಲೂಗಡ್ಡೆಯಿಂದ ಸಿಪ್ಪೆ ತೆಗೆದು 5 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ದಪ್ಪದ ಎರಡು ಕಡ್ಡಿ ಕತ್ತರಿಸಿ. ಎರಡು ಲೋಟಗಳಲ್ಲಿ 200 ಮಿಲಿಲೀಟರ್ ನೀರು ಹಾಕಿ. ಒಂದಕ್ಕೆ ಎರಡು ಚಹಾಚಮಚ ಉಪ್ಪು ಕಲಸಿ. ಎರಡು ಮೂರು ಗಂಟೆ ಬಿಟ್ಟು ಅಳೆಯಿರಿ. ಬರೀ ನೀರಿನ ಕಡ್ಡಿ ಬಿಗಿಯಾಗಿ, ಒಂದೆರಡು ಮಿಲಿಮೀಟರ್ ಬೆಳೆದಿರುತ್ತದೆ. ಉಪ್ಪುನೀರಿನದು ಕುಗ್ಗಿ, ಬಗ್ಗಿಸಿದರೆ ಬಾಗುತ್ತದೆ. ಸಿಪ್ಪೆ ಉಳಿಸಿದರೆ ಅದರ ಬೆಂಡಿನ ಪದರ ನೀರನ್ನು ತಡೆದು ಫಲಿತಾಂಶ ಮಂಕಾಗುತ್ತದೆ. ಬೇಯಿಸಿದ ಆಲೂಗಡ್ಡೆಯಲ್ಲಿ ಇದು ನಡೆಯುವುದಿಲ್ಲ. ಶಾಖಕ್ಕೆ ಕೋಶಪೊರೆ ಹಾಳಾಗಿರುತ್ತದೆ, ಅರೆಪ್ರವೇಶ್ಯ ಪೊರೆ (ನೀರನ್ನು ಹಾಯಲು ಬಿಡುವ, ಉಪ್ಪನ್ನು ತಡೆಯುವ ಪೊರೆ) ಇಲ್ಲದೆ ಅಭಿಸರಣೆ ಇಲ್ಲ.

ಮಲೆನಾಡಿನ ಮನೆಗಳಲ್ಲಿ ಅಪ್ಪೆಮಿಡಿಯನ್ನು ಕಲ್ಲುಪ್ಪಿನಲ್ಲಿ ಹಾಕಿಟ್ಟಾಗ ಮಿಡಿ ಸುಕ್ಕುಗಟ್ಟಿ ಭರಣಿಯಲ್ಲಿ ನೀರು ನಿಲ್ಲುವುದೂ ಇದೇ. ಉಪ್ಪು ನೀರನ್ನು 'ಎಳೆಯುತ್ತದೆ' ಎಂದು ಮನೆಯಲ್ಲಿ ಹೇಳಬಹುದು, ಉತ್ತರಪತ್ರಿಕೆಯಲ್ಲಿ ಬೇಡ. ಅಲ್ಲಿ ಬರೆಯಬೇಕಾದದ್ದು: ನೀರಿನ ಅಣುಗಳು ಅವುಗಳ ಸಾರತೆ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ, ಅರೆಪ್ರವೇಶ್ಯ ಪೊರೆಯ ಮೂಲಕ ಸಾಗುತ್ತವೆ. 'ಸಾರತೆ ಹೆಚ್ಚು' ಎಂದರೆ ಯಾವುದರ ಸಾರತೆ, ನೀರಿನದೋ ಉಪ್ಪಿನದೋ ಎಂದು ಹೇಳದೆ ಬಿಟ್ಟರೆ ಉತ್ತರ ತಲೆಕೆಳಗಾಗುತ್ತದೆ.

ಎಲೆ ಕಟ್ಟುತ್ತದೆ, ಮೈಟೊಕಾಂಡ್ರಿಯ ಒಡೆಯುತ್ತದೆ

ದ್ಯುತಿಸಂಶ್ಲೇಷಣೆಗೆ ಮೂರು ಪ್ರಶ್ನೆ ಕೇಳಿ: ಇಂಗಾಲದ ಡೈಆಕ್ಸೈಡ್ ಮತ್ತು ನೀರು ಒಳಗೆ, ಗ್ಲೂಕೋಸ್ ಮತ್ತು ಆಮ್ಲಜನಕ ಹೊರಗೆ, ಸ್ಥಳ ಕ್ಲೋರೋಪ್ಲಾಸ್ಟ್. ಹೊರಬರುವ ಆಮ್ಲಜನಕ ನೀರಿನಿಂದ ಬಂದದ್ದು, ಇಂಗಾಲದ ಡೈಆಕ್ಸೈಡಿನಿಂದಲ್ಲ. ಕೋಶೀಯ ಉಸಿರಾಟದಲ್ಲಿ ಬಾಣಗಳು ತಿರುಗುತ್ತವೆ, ಆದರೆ ಸ್ಥಳ ಎರಡು. ಗ್ಲೂಕೋಸ್ ಒಡೆದು ಪೈರುವೇಟ್ ಎಂಬ ಚಿಕ್ಕ ಅಣು ಆಗುವುದು ಕೋಶದ್ರವ್ಯದಲ್ಲಿ, ಪೈರುವೇಟ್ ಪೂರ್ತಿ ಒಡೆಯುವುದು ಮೈಟೊಕಾಂಡ್ರಿಯದಲ್ಲಿ. ಆಮ್ಲಜನಕ ಸಾಲದಿದ್ದರೆ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ, ಯೀಸ್ಟಿನಲ್ಲಿ ಇಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್. ಉದಾಹರಣೆಗೆ ಬ್ರೆಡ್ ಬರೆಯಿರಿ. ಇಡ್ಲಿ ಹಿಟ್ಟು ಉಬ್ಬುವುದಕ್ಕೆ ಮುಖ್ಯ ಕಾರಣ ಲ್ಯೂಕೊನೋಸ್ಟಾಕ್ ಎಂಬ ಬ್ಯಾಕ್ಟೀರಿಯ, ಯೀಸ್ಟ್ ಅಲ್ಲ.

ಗಿಡ ಹಗಲು ದ್ಯುತಿಸಂಶ್ಲೇಷಣೆ ಮಾಡುತ್ತದೆ, ರಾತ್ರಿ ಉಸಿರಾಡುತ್ತದೆ ಎಂಬ ಮಾತನ್ನು ತಲೆಯಿಂದ ಅಳಿಸಿ. ಗಿಡ ಇಪ್ಪತ್ತನಾಲ್ಕು ಗಂಟೆಯೂ ಉಸಿರಾಡುತ್ತದೆ. ಹಗಲಿನಲ್ಲಿ ದ್ಯುತಿಸಂಶ್ಲೇಷಣೆಯ ವೇಗ ಹೆಚ್ಚಿರುವುದರಿಂದ ಲೆಕ್ಕದಲ್ಲಿ ಆಮ್ಲಜನಕ ಉಳಿಯುತ್ತದೆ, ಅಷ್ಟೇ. ಈ ಒಂದು ಸಾಲು ಕೊನೆಯಲ್ಲಿ ಕೆರೆಯ ಪ್ರಶ್ನೆಗೂ ಬೇಕಾಗುತ್ತದೆ.

ಪಿಷ್ಟ ಪರೀಕ್ಷೆಯ ಹಂತಗಳನ್ನು ಕಾರಣದೊಂದಿಗೆ ಕಲಿತರೆ ಅನುಕ್ರಮ ಮರೆಯುವುದಿಲ್ಲ. ಕುಂಡದ ಗಿಡವನ್ನು ಎರಡು ದಿನ ಕತ್ತಲಲ್ಲಿಡುವುದು ಎಲೆಯಲ್ಲಿ ಮೊದಲೇ ಇದ್ದ ಪಿಷ್ಟ ಖರ್ಚಾಗಲೆಂದು. ಎಲೆಯ ಒಂದು ಭಾಗಕ್ಕೆ ಎರಡೂ ಬದಿ ಕಪ್ಪು ಕಾಗದ ಹಚ್ಚಿ ನಾಲ್ಕಾರು ಗಂಟೆ ಬಿಸಿಲಿಗಿಡಿ. ಎಲೆ ಕಿತ್ತು ಕೆಲವು ನಿಮಿಷ ನೀರಿನಲ್ಲಿ ಕುದಿಸುವುದು ಕೋಶ ಸಾಯಿಸಿ ಪೊರೆ ಸಡಿಲಿಸಲು. ಈ ಹಂತ ಬಿಟ್ಟರೆ ಮುಂದೆ ಬಣ್ಣ ಸರಿಯಾಗಿ ಇಳಿಯುವುದಿಲ್ಲ. ಆಮೇಲೆ ಸ್ಪಿರಿಟ್ ಇರುವ ಪ್ರನಾಳಕ್ಕೆ ಹಾಕಿ ಅದನ್ನು ಬಿಸಿನೀರಿನ ಬೀಕರಿನಲ್ಲಿ ನಿಲ್ಲಿಸಿ, ಪತ್ರಹರಿತ್ತು ಕರಗಿ ಎಲೆ ಬಿಳಿಚಿಕೊಳ್ಳುತ್ತದೆ. ಸ್ಪಿರಿಟ್ ಆವಿ ತಟ್ಟನೆ ಹೊತ್ತಿಕೊಳ್ಳುವುದರಿಂದ ಈ ಹೊತ್ತಿಗೆ ಉರಿ ಆರಿಸಿರಬೇಕು. ಇದನ್ನು ಶಿಕ್ಷಕರ ಮುಂದೆಯೇ ಮಾಡಿ, ಮನೆಯಲ್ಲಿ ಬೇಡ. ಹೊರತೆಗೆದ ಎಲೆ ಗರಿಗರಿಯಾಗಿ ಮುರಿಯುತ್ತದೆ, ಬಿಸಿನೀರಿನಲ್ಲಿ ಅದ್ದಿ ಮೆತ್ತಗಾಗಿಸಿ, ಬಳಿಕ ತೆಳು ಅಯೋಡಿನ್ ಹಾಕಿ. ಬೆಳಕು ಬಿದ್ದ ಭಾಗ ನೀಲಿಗಪ್ಪು, ಮುಚ್ಚಿದ ಭಾಗ ಅಯೋಡಿನ್‌ನದೇ ಕಂದು. ಇಡೀ ಎಲೆ ನೀಲಿಯಾದರೆ ಗಿಡಕ್ಕೆ ಕತ್ತಲು ಸಾಲದು, ಇಲ್ಲವೇ ಕಾಗದ ಸರಿದಿದೆ.

ಉಸಿರಿನ ಇಂಗಾಲದ ಡೈಆಕ್ಸೈಡ್ ನೋಡಲು ಎಲೆಅಡಿಕೆಯ ಸುಣ್ಣ ಸಾಕು. ಬಾಟಲಿ ನೀರಿಗೆ ಒಂದು ಚಮಚ ಹಾಕಿ ಕುಲುಕಿ, ಮುಚ್ಚಿ ರಾತ್ರಿಯಿಡೀ ಬಿಡಿ. ಮೇಲಿನ ತಿಳಿಯನ್ನು ಲೋಟಕ್ಕೆ ಬಗ್ಗಿಸಿ ಸ್ಟ್ರಾದಿಂದ ಮೆಲ್ಲಗೆ ಊದಿದರೆ ಹಾಲಿನಂತಾಗುತ್ತದೆ. ಒಳಕ್ಕೆ ಎಳೆಯಬೇಡಿ, ಕಣ್ಣಿಗೆ ಹಾರಿಸಿಕೊಳ್ಳಬೇಡಿ, ಸುಣ್ಣ ಸುಡುತ್ತದೆ. ತುಂಬಾ ಹೊತ್ತು ಊದಿದರೆ ಮತ್ತೆ ತಿಳಿಯಾಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುವ ಬೈಕಾರ್ಬೊನೇಟ್ ಆಗುವುದರಿಂದ. ಊದಿದರೂ ಏನೂ ಆಗದಿದ್ದರೆ ಸುಣ್ಣ ಹಳೆಯದು, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಆಗಲೇ ಹೀರಿದೆ.

ಅಂಗಗಳು: ದಾರಿ ಬರೆಯಿರಿ, ಪಟ್ಟಿ ಬೇಡ

ಜೀವಕ್ರಿಯೆಗಳ ನಾಲ್ಕು ಸಂಜೆಗಳಲ್ಲಿ ಅಂಗಗಳ ಪಟ್ಟಿ ಮಾಡಬೇಡಿ. ಒಂದು ತುತ್ತು ಅನ್ನದ ದಾರಿ, ಒಂದು ಹನಿ ರಕ್ತದ ದಾರಿ, ಒಂದು ಯೂರಿಯ ಅಣುವಿನ ದಾರಿ ಬರೆಯಿರಿ. ರಕ್ತದ ಹನಿ ಬಲ ಹೃತ್ಕರ್ಣದಲ್ಲಿ ಹೊರಟು, ಬಲ ಹೃತ್ಕುಕ್ಷಿ, ಪುಪ್ಪುಸಕ ಅಪಧಮನಿ, ಶ್ವಾಸಕೋಶ, ಪುಪ್ಪುಸಕ ಅಭಿಧಮನಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ, ದೇಹ ಎಲ್ಲ ಸುತ್ತಿ ಮತ್ತೆ ಬಲ ಹೃತ್ಕರ್ಣಕ್ಕೆ ಬರಬೇಕು. ಒಂದು ಸುತ್ತಿಗೆ ಹೃದಯವನ್ನು ಎರಡು ಸಲ ಹಾಯ್ದದ್ದೇ ಇಮ್ಮಡಿ ಪರಿಚಲನೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ: ಗುಣಿಸಿದರೆ 5 ಲೀಟರ್, ಹೆಚ್ಚುಕಡಿಮೆ ದೇಹದ ಒಟ್ಟು ರಕ್ತದಷ್ಟು.

ಹೃದಯದ ಚಿತ್ರ ಅರ್ಧ ಪುಟದಷ್ಟಿರಲಿ. ಚಿತ್ರದಲ್ಲಿರುವ ವ್ಯಕ್ತಿ ನಿಮಗೆ ಎದುರಾಗಿ ನಿಂತಿದ್ದಾನೆ, ಹಾಗಾಗಿ ಹೃದಯದ ಎಡಭಾಗ ನಿಮ್ಮ ಹಾಳೆಯ ಬಲಕ್ಕೆ ಬರುತ್ತದೆ. ಎಡ ಹೃತ್ಕುಕ್ಷಿಯ ಗೋಡೆಯನ್ನು ದಪ್ಪವಾಗಿಯೇ ಬರೆಯಿರಿ, ಇಡೀ ದೇಹಕ್ಕೆ ತಳ್ಳುವುದು ಅದು. ಹೆಸರಿನ ಗೆರೆಗಳು ಸ್ಕೇಲಿನಲ್ಲಿ, ಒಂದನ್ನೊಂದು ದಾಟದೆ, ಭಾಗವನ್ನು ಮುಟ್ಟಿ ನಿಲ್ಲಲಿ. ಗೆರೆ ಗಾಳಿಯಲ್ಲಿ ನಿಂತರೆ ಹೆಸರು ಸರಿಯಿದ್ದೂ ಅಂಕ ಹೋಗುತ್ತದೆ. ಶೇಡಿಂಗ್ ಬೇಡವೇ ಬೇಡ.

ಮೂತ್ರಪಿಂಡಕ್ಕೆ ಎರಡು ಅಂಕಿ ಸಾಕು. ದಿನಕ್ಕೆ ಸುಮಾರು 180 ಲೀಟರ್ ಸೋಸಲ್ಪಡುತ್ತದೆ, ಹೊರಹೋಗುವುದು ಒಂದೆರಡು ಲೀಟರ್. ಉಳಿದದ್ದು ನೆಫ್ರಾನಿನ (ಮೂತ್ರಪಿಂಡದ ಸೋಸುವ ಘಟಕ) ನಾಳದಲ್ಲಿ ಮರುಹೀರಿಕೆಯಾಗುತ್ತದೆ. ಮೂತ್ರಪಿಂಡವನ್ನು ಬರೀ ಜರಡಿ ಎಂದು ಬರೆದರೆ ಈ ದೊಡ್ಡ ಕೆಲಸವೇ ಬಿಟ್ಟುಹೋಗುತ್ತದೆ.

ಅನುವಂಶೀಯತೆ: ಉಣ್ಣೆದಾರ ಮತ್ತು ನಾಣ್ಯ

ಮೈಟಾಸಿಸ್ (ಮೈಯ ಕೋಶಗಳ ವಿಭಜನೆ), ಮಿಯಾಸಿಸ್ (ಲಿಂಗಾಣುಗಳನ್ನು ಕೊಡುವ ವಿಭಜನೆ) ಚಿತ್ರ ನೋಡಿ ಕಲಿಯುವುದು ಕಷ್ಟ, ಕೈಯಲ್ಲಿ ಮಾಡಿದರೆ ಕಾಲು ಗಂಟೆಯ ಕೆಲಸ. ಕೆಂಪು ಉಣ್ಣೆದಾರದ ಒಂದು ಉದ್ದ, ಒಂದು ಗಿಡ್ಡ ತುಂಡು ತಾಯಿಯಿಂದ, ನೀಲಿಯವು ತಂದೆಯಿಂದ. ಒಟ್ಟು ನಾಲ್ಕು ವರ್ಣತಂತು. ವಿಭಜನೆಗೆ ಮೊದಲು ಪ್ರತಿಯೊಂದರ ಪಕ್ಕ ಅಂಥದ್ದೇ ಇನ್ನೊಂದಿಟ್ಟು ನಡುವೆ ಗಂಟು ಹಾಕಿ. ವರ್ಣತಂತು ಎಣಿಸುವುದೆಂದರೆ ಗಂಟು ಎಣಿಸುವುದು, ಹಾಗಾಗಿ ಈಗಲೂ ನಾಲ್ಕೇ. ಮೈಟಾಸಿಸ್‌ನಲ್ಲಿ ಗಂಟು ಬಿಚ್ಚಿ ಹಂಚಿ: ಎರಡು ಕೋಶ, ತಲಾ ನಾಲ್ಕು. ಮಿಯಾಸಿಸ್‌ನಲ್ಲಿ ಮೊದಲು ಉದ್ದಕ್ಕೆ ಉದ್ದ, ಗಿಡ್ಡಕ್ಕೆ ಗಿಡ್ಡ ಜೋಡಿ ಮಾಡಿ, ಗಂಟು ಬಿಚ್ಚದೆ ಜೋಡಿಯನ್ನು ಬೇರ್ಪಡಿಸಿ. ಎರಡನೇ ಸುತ್ತಿನಲ್ಲಿ ಗಂಟು ಬಿಚ್ಚಿ: ನಾಲ್ಕು ಕೋಶ, ತಲಾ ಎರಡು. ಸಂಖ್ಯೆ ಅರ್ಧವಾಗುವುದು ಮೊದಲ ಸುತ್ತಿನಲ್ಲಿ. ನಮ್ಮಲ್ಲಿ 46 ಹೋಗಿ 23 ಆಗುವುದು ಹೀಗೆ.

ಬಟಾಣಿ ಗಿಡಗಳ ಪ್ರಯೋಗದಿಂದ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಅಂಕಿಗಳನ್ನು ಒಮ್ಮೆ ಭಾಗಿಸಿ ನೋಡಿ. ದುಂಡು ಬೀಜ 5474, ಸುಕ್ಕು ಬೀಜ 1850: ಅನುಪಾತ 2.96, ಅಂದರೆ 3:1ರ ಹತ್ತಿರ. ಎರಡು ಗುಣಗಳ ಪ್ರಯೋಗದಲ್ಲಿ 556 ಬೀಜಗಳು 315, 108, 101, 32 ಎಂದು ಹಂಚಿಹೋದವು, ಅಂದರೆ 9:3:3:1ರ ಹತ್ತಿರ. ನಿಖರವಾಗಿ ಅಷ್ಟೇ ಯಾಕಿಲ್ಲ? ಎರಡು ನಾಣ್ಯಗಳನ್ನು ಒಟ್ಟಿಗೆ 8 ಸಲ ಚಿಮ್ಮಿ ಬರೆದುಕೊಳ್ಳಿ, ಆಮೇಲೆ 100 ಸಲ. ಎಂಟರಲ್ಲಿ 1:2:1 (ಎರಡೂ ತಲೆ, ಒಂದೊಂದು, ಎರಡೂ ಬಾಲ) ಬರುವುದು ಅದೃಷ್ಟ, ನೂರರಲ್ಲಿ ಅದರ ಹತ್ತಿರ ಬರುತ್ತದೆ. 3:1 ಎಂದರೆ ನಾಲ್ಕು ಮಕ್ಕಳಲ್ಲಿ ಮೂವರು ಹೀಗೆ, ಒಬ್ಬರು ಹಾಗೆ ಎಂದಲ್ಲ. ಪ್ರತಿ ಮಗುವಿಗೂ ಲೆಕ್ಕ ಹೊಸದು.

ಪನೆಟ್ ಚೌಕ (ತಂದೆತಾಯಿಯ ಗುಣಗಳನ್ನು ಅಕ್ಷರಗಳಲ್ಲಿ ಜೋಡಿಸುವ ಕೋಷ್ಟಕ) ಬರೆಯುವಾಗ ಚಿಕ್ಕದೊಂದು ಎಚ್ಚರ: ಇಂಗ್ಲಿಷಿನ ಸಿ, ಎಸ್, ಡಬ್ಲ್ಯೂ ಅಕ್ಷರಗಳ ದೊಡ್ಡ ಚಿಕ್ಕ ರೂಪ ಕೈಬರಹದಲ್ಲಿ ಒಂದೇ ಥರ ಕಾಣುತ್ತವೆ. ಅಕ್ಷರ ಆಯ್ಕೆ ನಿಮ್ಮದಾದರೆ ಆರ್ ಅಥವಾ ಟಿ ಬಳಸಿ. 'ದುರ್ಬಲ' ಗುಣ ಎಂದರೆ ಕೆಟ್ಟ ಗುಣವಲ್ಲ, ಪ್ರಬಲದ ಜೊತೆಗಿದ್ದಾಗ ಕಾಣಿಸಿಕೊಳ್ಳದ ಗುಣ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣು ಎಕ್ಸ್ ವರ್ಣತಂತು ತಂದಿತೋ ವೈ ತಂದಿತೋ ಎಂಬುದರ ಮೇಲೆ ನಿಂತಿದೆ. ಈ ಉತ್ತರವನ್ನು ಮನೆಯ ಹಿರಿಯರಿಗೂ ಒಮ್ಮೆ ಚಿತ್ರ ಬರೆದು ತೋರಿಸಿದರೆ ನಷ್ಟವಿಲ್ಲ.

ಹೊಲ, ಕಾಡು, ಕೆರೆ

ಆಹಾರ ಸರಪಳಿಯ ಬಾಣ ತಿನ್ನುವವರ ಕಡೆಗೆ ಹೋಗಬೇಕು, ಯಾಕೆಂದರೆ ಅದು ಶಕ್ತಿ ಹರಿಯುವ ದಿಕ್ಕು. ಭತ್ತ, ಮಿಡತೆ, ಕಪ್ಪೆ, ಕೇರೆಹಾವು, ನವಿಲು: ಬಾಣ ಮಿಡತೆಯಿಂದ ಕಪ್ಪೆಗೆ. ಬಂಡೀಪುರದ್ದಾದರೆ ಹುಲ್ಲು, ಜಿಂಕೆ, ಹುಲಿ. ಹುಲ್ಲಿನಲ್ಲಿ 10,000 ಜೂಲ್ ಇದ್ದರೆ ಜಿಂಕೆಯ ಮೈಗೆ ಸೇರುವುದು ಸುಮಾರು 1000, ಹುಲಿಗೆ 100. ಉಳಿದ ಶೇ. 90 'ನಾಶವಾಯಿತು' ಎಂದು ಬರೆಯಬೇಡಿ. ಒಂದಷ್ಟು ಸಗಣಿಯಲ್ಲಿ ಹೋಗಿ ವಿಘಟಕರಿಗೆ ಸಿಗುತ್ತದೆ, ದೊಡ್ಡ ಪಾಲು ಜಿಂಕೆಯ ಕೋಶಗಳ ಉಸಿರಾಟದಲ್ಲಿ ಶಾಖವಾಗಿ ಹೊರಬೀಳುತ್ತದೆ. ಕಾಡಿನಲ್ಲಿ ಹುಲಿಗಳಿಗಿಂತ ಜಿಂಕೆಗಳು ಅಷ್ಟು ಹೆಚ್ಚಿರಬೇಕಾದದ್ದಕ್ಕೆ ಕಾರಣ ಇದು. ಲಂಟಾನ ಪೊದೆ ಹಬ್ಬಿ ಹುಲ್ಲು ಕಡಿಮೆಯಾದರೆ ಪೆಟ್ಟು ಮೇಲಿನ ಸ್ತರಕ್ಕೂ ತಲುಪುತ್ತದೆ. ಪಿರಮಿಡ್‌ಗಳಲ್ಲಿ ಸಂಖ್ಯೆಯದು ತಲೆಕೆಳಗಾಗಬಹುದು (ಒಂದು ಆಲದ ಮರ, ನೂರಾರು ಹಕ್ಕಿ), ಶಕ್ತಿಯದು ಎಂದೂ ಆಗದು.

ಸಾರಜನಕ ಚಕ್ರಕ್ಕೆ ಹೊಲಕ್ಕೇ ಹೋಗಿ. ಹೂ ಬಿಡುವ ಹೊತ್ತಿನ ಅಲಸಂದೆ ಅಥವಾ ಹುರುಳಿ ಗಿಡವನ್ನು ಕೀಳಬೇಡಿ, ಗಂಟುಗಳು ಮಣ್ಣಿನಲ್ಲೇ ಉದುರಿ ಉಳಿಯುತ್ತವೆ. ಸುತ್ತ ಅಗೆದು ಎತ್ತಿ, ನೀರಿನಲ್ಲಿ ತೊಳೆಯಿರಿ. ಬೇರುಗಂಟನ್ನು ಬ್ಲೇಡಿನಿಂದ ಸೀಳಿದಾಗ ಒಳಗೆ ನಸುಗೆಂಪಿದ್ದರೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ಬ್ಯಾಕ್ಟೀರಿಯ ರೈಜೋಬಿಯಂ ಕೆಲಸದಲ್ಲಿದೆ, ಹಸಿರು ಅಥವಾ ಕಂದಾದರೆ ನಿಂತಿದೆ. ಬೇರಿನ ಪಕ್ಕಕ್ಕೆ ಅಂಟಿಕೊಂಡು ಉಜ್ಜಿದರೆ ಬಿಡುವುದು ಬೇರುಗಂಟು. ಬೇರೇ ಊದಿಕೊಂಡು ಬಿಡದಿದ್ದರೆ ಅದು ಜಂತುಹುಳುವಿನ ರೋಗ.

ಕೊನೆಯದಾಗಿ ಕೆರೆಯ ಪ್ರಶ್ನೆಯೊಂದನ್ನು ಪುಸ್ತಕ ನೋಡದೆ ಬರೆಯಿರಿ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಮತ್ತು 2017ರ ಬೆಂಕಿಯ ಚಿತ್ರಗಳನ್ನು ನೋಡಿರುತ್ತೀರಿ. ಕೊಳಚೆ ಸೇರುವ ಕೆರೆಯಲ್ಲಿ ಮೀನು ಯಾಕೆ ಸಾಯುತ್ತವೆ, ಅದೂ ಹೆಚ್ಚಾಗಿ ಬೆಳಗಿನ ಜಾವ ಯಾಕೆ ತೇಲುತ್ತವೆ? ಕೊಳಚೆಯ ನೈಟ್ರೇಟ್, ಫಾಸ್ಫೇಟ್‌ಗಳಿಂದ ಪಾಚಿ ಸೊಕ್ಕಿ ಬೆಳೆಯುತ್ತದೆ. ಕೆಳಗಿನದಕ್ಕೆ ಬೆಳಕು ಸಿಗದೆ ಸಾಯುತ್ತದೆ. ಸತ್ತದ್ದನ್ನು ಕೊಳೆಸುವ ಬ್ಯಾಕ್ಟೀರಿಯಗಳು ಆಮ್ಲಜನಕ ಬಳಸುತ್ತವೆ. ಇಷ್ಟು ಬರೆದರೆ ಮೊದಲರ್ಧ ಆಯಿತು. ಹಗಲಿನಲ್ಲಿ ಪಾಚಿಯ ದ್ಯುತಿಸಂಶ್ಲೇಷಣೆ ಆಮ್ಲಜನಕವನ್ನು ತುಂಬಿಕೊಡುತ್ತಿರುತ್ತದೆ, ಸೂರ್ಯ ಮುಳುಗಿದ ಮೇಲೆ ಅದು ನಿಲ್ಲುತ್ತದೆ. ಆದರೆ ಪಾಚಿ, ಬ್ಯಾಕ್ಟೀರಿಯ, ಮೀನು ಎಲ್ಲದರ ಮೈಯ ಉಸಿರಾಟ ರಾತ್ರಿಯಿಡೀ ನಡೆದೇ ಇರುತ್ತದೆ. ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆಯಾಗುವುದು ಸೂರ್ಯ ಹುಟ್ಟುವ ಸ್ವಲ್ಪ ಮೊದಲು.